ಕನ್ನಡ ಶಾಲೆಗೇ ಸೇರಿಸಿದ್ದೇವೆ, ಆದರೂ ಮಗನಿಗೆ ಒಬ್ಬ ಗೆಳೆಯನೂ ಇಲ್ಲ. ಏನು ಮಾಡಲಿ?

ಬಾದಾಮಿ ಅವ್ವ (ಜೂನ್ 21)

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಬಾದಾಮಿ ತಾಲ್ಲೂಕು. ಯಜಮಾನರು ಕಾಸರಗೋಡಿನ ಬದಿಯಡ್ಕ ಕಡೆ ಕೆಂಪುಕಲ್ಲಿನ ಕೋರೆಯಲ್ಲಿ ಮೆಷಿನ್ ನಡೆಸುತ್ತಾರೆ. ಮೂರು ವರ್ಷ ಅವರೊಬ್ಬರೇ ಇದ್ದರು. ಈ ಸಲ ಬಾಡಿಗೆ ಮನೆ ಮಾಡಿ ನನ್ನನ್ನೂ ಮಗನನ್ನೂ ಕರೆಸಿಕೊಂಡರು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ.

ಮಗನಿಗೆ 14 ವರ್ಷ, 9ನೇ ಕ್ಲಾಸು. ಕೇರಳ ಅಂದರೆ ಬರೀ ಮಲಯಾಳ ಅಂತ ಹೆದರಿದ್ದೆ. ಇಲ್ಲಿ ಕನ್ನಡ ಮೀಡಿಯಂ ಇದೆ, ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಬಹುದು ಅಂತ ಗೊತ್ತಾದ ಮೇಲೆ ಜೀವಕ್ಕೆ ಸಮಾಧಾನ ಆಯಿತು. ಈಗ ನೋಡಿದರೆ ತೊಂದರೆ ಬಂದಿದ್ದೇ ಕನ್ನಡದಿಂದ.

ಕ್ಲಾಸಲ್ಲಿ ಇವನನ್ನು ಬಿಟ್ಟರೆ 13 ಮಕ್ಕಳು. ಎಲ್ಲರೂ ಒಂದನೇ ಕ್ಲಾಸಿನಿಂದ ಒಟ್ಟಿಗೆ ಬಂದವರು. ಬೆಲ್ ಹೊಡೆದ ಕೂಡಲೇ ತುಳು ಮಾತಾಡುತ್ತಾರೆ, ಇಲ್ಲವೇ ಮಲಯಾಳ. ಕನ್ನಡ ಮಾತಾಡಿದರೆ ಪುಸ್ತಕದಲ್ಲಿ ಇದ್ದ ಹಾಗೆ ಮಾತಾಡುತ್ತಾರೆ. ಮೊದಲ ವಾರ ಟೀಚರ್ ಹೆಸರು ಕೂಗಿದಾಗ ಇವನು "ಬರಾಕತ್ತೇನ್ರೀ" ಅಂದನಂತೆ. ಇಡೀ ಕ್ಲಾಸು ನಕ್ಕಿತು, ಟೀಚರ್ ಸಹ ನಕ್ಕರಂತೆ. ಅವತ್ತಿನಿಂದ ಅವನ ಹೆಸರೇ ಬರಾಕತ್ತೇನ್. ಯಾರೂ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಸುಮ್ನೆ ಯಾರೂ ಕರೆಯುವುದಿಲ್ಲ, ಅಷ್ಟೇ. ಊಟಕ್ಕೆ ಸಾಲಿನ ಕೊನೆಯಲ್ಲಿ ಕೂತು ತಿಂದು ಬರುತ್ತಾನೆ.

ನಿನ್ನೆ ರಾತ್ರಿ ಅವನು ಕನ್ನಡಿ ಮುಂದೆ ನಿಂತು "ಬರ್ತಾ ಇದ್ದೇನೆ ಟೀಚರ್, ಬರ್ತಾ ಇದ್ದೇನೆ ಟೀಚರ್" ಅಂತ ಹೇಳಿ ಹೇಳಿ ಕಲಿಯುತ್ತಿದ್ದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ, ಒಳಗೆ ಹೋಗಲಿಕ್ಕೆ ಆಗಲಿಲ್ಲ. ವಾಪಸ್ ಊರಿಗೆ ಕಳಿಸಿ ನಮ್ಮ ಅತ್ತೆ ಹತ್ತಿರ ಬಿಡಲಾ? ಇನ್ನೊಂದು ಭಯವೂ ಇದೆ. ಇಲ್ಲಿ 10ನೇ ಮುಗಿಸಿದರೆ ಮುಂದೆ ಕರ್ನಾಟಕದಲ್ಲಿ ಸೀಟು ಸಿಗುವುದಿಲ್ಲ ಅಂತ ಯಾರೋ ಹೇಳಿದರು.

ಪೆರ್ಲದವ

ಅಕ್ಕಾ, ಕಳಿಸಬೇಡಿ. ಶಾಲೆ ಶುರುವಾಗಿ ಮೂರು ವಾರ ಆಗಿದೆ ಅಷ್ಟೇ, ಅದರಲ್ಲಿ ಮಳೆ ರಜೆ ಬೇರೆ. ಅವನಿಗೆ ನಾಲ್ಕು ತುಳು ಮಾತು ಕಲಿಸಿ. "ದಾದ ಮಾರಾಯ" (ಏನು ಮಾರಾಯ), "ಒಣಸ್ ಆಂಡಾ" (ಊಟ ಆಯಿತಾ), "ಬಲೆ ಪೋಯಿ" (ಬಾ ಹೋಗುವ). ಇಷ್ಟು ಸಾಕು, ಉಳಿದದ್ದು ಮೈದಾನದಲ್ಲಿ ತಾನಾಗಿ ಬರುತ್ತದೆ.

ಗಡಿ ಕನ್ನಡತಿ

ಪೆರ್ಲದವರೇ, ನಾನು ಇದನ್ನು ಒಪ್ಪುವುದಿಲ್ಲ. ಹುಡುಗ ಕನ್ನಡ ಶಾಲೆಗೆ ಬಂದು ಕನ್ನಡ ಮಾತಾಡಿದ್ದಾನೆ. ಬದಲಾಗಬೇಕಾದವನು ಅವನಾ? 1956ರಲ್ಲಿ ಕಾಸರಗೋಡು ಜಿಲ್ಲೆ ಕೇರಳಕ್ಕೆ ಸೇರಿದಾಗಿನಿಂದ ಕನ್ನಡ ಉಳಿಸಿ ಅಂತ ಹೋರಾಡುತ್ತಾ ಬಂದವರು ನಾವು. ಬಾಗಲಕೋಟೆಯ ಕನ್ನಡ ಕೇಳಿ ನಗುವ ಮಕ್ಕಳನ್ನು ಬೆಳೆಸಿದ್ದೇವೆ ಅಂದರೆ ನನಗೆ ನಿಜಕ್ಕೂ ನಾಚಿಕೆ ಆಗುತ್ತದೆ.

ಪೆರ್ಲದವ

ಹುಡುಗನಿಗೆ ಬೇಕಾಗಿರುವುದು ಮಧ್ಯಾಹ್ನ ಪಕ್ಕದಲ್ಲಿ ಕೂರುವ ಒಬ್ಬ. ಹೋರಾಟ ಆಮೇಲೆ ಮಾಡುವ.

ನಿವೃತ್ತ ಮಾಸ್ಟ್ರು, ಕುಂಬಳೆ

ಮೊದಲು ಒಂದು ಸಣ್ಣ ತಿದ್ದುಪಡಿ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಗಿದ್ದು ಕಾಸರಗೋಡು ತಾಲೂಕು. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಜಿಲ್ಲೆ ಆಗಿದ್ದು 1984ರ ಮೇ 24ಕ್ಕೆ, ಕಣ್ಣೂರಿನಿಂದ ಬೇರೆಯಾಗಿ.

ಇನ್ನು ಬಾದಾಮಿಯ ತಂಗಿಗೆ. ನಾನು 31 ವರ್ಷ ಇಂಥ ಕ್ಲಾಸುಗಳಲ್ಲೇ ಪಾಠ ಮಾಡಿದವನು. ಆ 13 ಮಕ್ಕಳ ಬಗ್ಗೆ ಒಂದು ಮಾತು ಹೇಳುತ್ತೇನೆ, ದಯವಿಟ್ಟು ಕೇಳಿ. ಕೇರಳದಲ್ಲಿ ಶಾಲೆ ಶುರುವಾದ ಆರನೇ ದಿನ ತಲೆ ಎಣಿಸುತ್ತಾರೆ. ಆ ಲೆಕ್ಕದ ಮೇಲೆ ಡಿವಿಜನ್, ಅಧ್ಯಾಪಕರ ಹುದ್ದೆ ಎಲ್ಲ ನಿಲ್ಲುತ್ತದೆ. ಆ ದಿನ ಕನ್ನಡ ವಿಭಾಗದಲ್ಲಿ ನಾವು ಒಂದೊಂದು ಮಗುವಿಗೂ ಕಾಯುತ್ತಿದ್ದೆವು. ಜ್ವರ ಬಂದ ಮಗುವನ್ನು ಅಪ್ಪ ಹೊತ್ತುಕೊಂಡು ಬಂದು ಹಾಜರಿ ಹಾಕಿಸಿ ಹೋದದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಮಗ ಆ ಲೆಕ್ಕದಲ್ಲಿ 14ನೆಯವನು. ಅಧ್ಯಾಪಕರಿಗೆ ಅವನು ಬಂದದ್ದು ಹಬ್ಬವೇ ಆಗಿರುತ್ತದೆ.

ಮಕ್ಕಳಿಗೆ ಈ ಲೆಕ್ಕ ಗೊತ್ತಿಲ್ಲ. ಆದರೆ ವರ್ಷ ವರ್ಷ ಒಬ್ಬೊಬ್ಬರೇ ಇಂಗ್ಲಿಷ್ ಮೀಡಿಯಂಗೆ ಹೋಗುವುದನ್ನು ಅವರು ನೋಡುತ್ತಾ ಬೆಳೆದಿದ್ದಾರೆ. ಒಂದನೇ ಕ್ಲಾಸಲ್ಲಿ 25 ಮಂದಿ ಇದ್ದವರು 13ಕ್ಕೆ ಇಳಿದಿದ್ದರೂ ಆಶ್ಚರ್ಯ ಇಲ್ಲ. ಉಳಿದವರು ಒಬ್ಬರಿಗೊಬ್ಬರು ಗಟ್ಟಿ ಅಂಟಿಕೊಂಡಿರುತ್ತಾರೆ. ಅಣ್ಣತಮ್ಮಂದಿರ ಹಾಗೆ ಇರುತ್ತಾರೆ, ಅವರವರ ಅಡ್ಡಹೆಸರು, ಅವರವರ ನಗು. ಹೊಸಬನಿಗೆ ಅಲ್ಲಿ ಜಾಗ ಕಾಣುವುದಿಲ್ಲ. ಅವರು ಕೆಟ್ಟವರಲ್ಲ ತಂಗಿ, ಅವರಿಗೆ ಒಬ್ಬನನ್ನು ಸೇರಿಸಿಕೊಂಡು ಅಭ್ಯಾಸ ಇಲ್ಲ. ಬಿಟ್ಟು ಹೋಗುವವರನ್ನು ಮಾತ್ರ ನೋಡಿದ್ದಾರೆ.

ಟೀಚರ್ ನಕ್ಕದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಒಂದು ಸಂಜೆ ಹೋಗಿ ಅವರೊಬ್ಬರ ಹತ್ತಿರ ಮೆಲ್ಲ ಹೇಳಿ. ಅವನನ್ನು ಎಬ್ಬಿಸಿ ನಿಲ್ಲಿಸಿ "ಇವನ ಜೊತೆ ಎಲ್ಲರೂ ಸೇರಿ" ಅಂತ ಮಾತ್ರ ಹೇಳಿಸಬೇಡಿ. ಅದು ಗಾಯಕ್ಕೆ ಉಪ್ಪು ಹಾಕಿದ ಹಾಗೆ. ಇನ್ನೊಬ್ಬನ ಜೊತೆ ಸೇರಿಸಿ ಕೈಗೆ ಒಂದು ಕೆಲಸ ಕೊಡಲಿ, ಲೈಬ್ರರಿ ಪುಸ್ತಕ ಜೋಡಿಸುವುದೋ, ತರಕಾರಿ ತೋಟವೋ. ಮಾತು ಕೆಲಸದ ಹಿಂದೆ ಬರುತ್ತದೆ.

ಚಂದ್ರಗಿರಿ ತೀರ

ಮಾಸ್ಟ್ರೇ, ಗಡಿ ವಿವಾದದ ಬಗ್ಗೆ 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕು ಅಂತ ಹೇಳಿತ್ತು. ಅದು ಜಾರಿಯಾಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಯವರು ಇದೇ ಬದಿಯಡ್ಕದಲ್ಲಿ ಕೂತು ಕೊನೆಯವರೆಗೂ ಕೇಳಿದ್ದು ಅದನ್ನೇ.

ನಿವೃತ್ತ ಮಾಸ್ಟ್ರು, ಕುಂಬಳೆ

ಕಯ್ಯಾರರು ಮೇಷ್ಟ್ರೂ ಆಗಿದ್ದರು, ಪೆರಡಾಲದ ಶಾಲೆಯಲ್ಲಿ. ಮೊದಲು ಮಗುವನ್ನು ನೋಡುವ, ಹೊಳೆಯನ್ನು ಆಮೇಲೆ ನೋಡುವ.

ಚಂದ್ರಗಿರಿ ತೀರ

ಎರಡೂ ಬೇರೆ ಬೇರೆ ಅಂತ ನನಗೆ ಅನಿಸುವುದಿಲ್ಲ. ಆದರೂ ಇಲ್ಲಿಗೆ ಬಿಡುತ್ತೇನೆ.

ನೀರ್ಚಾಲು ಹುಡುಗಿ

ನಾನು ಇದುವರೆಗೆ ಯಾರಿಗೂ ಹೇಳದ ಒಂದು ವಿಷಯ ಬರೆಯುತ್ತೇನೆ.

ನಾನೂ ಇಂಥದ್ದೇ ಸಣ್ಣ ಕನ್ನಡ ಕ್ಲಾಸಲ್ಲಿ ಓದಿದವಳು. 8ನೇ ಕ್ಲಾಸಿಗೆ ಗದಗ ಕಡೆಯ ಒಬ್ಬಳು ಬಂದಳು. "ನೀರು ಕುಡ್ಯಾಕ ಹೋಗ್ಲೇನ್ರೀ" ಅಂತ ಕೇಳುತ್ತಿದ್ದಳು. ನಾನು ಅದನ್ನು ಚೆನ್ನಾಗಿ ಅಣಕಿಸುತ್ತಿದ್ದೆ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವಳು ಓಣಂ ರಜೆಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಪಿಯುಸಿಗೆ ಮಂಗಳೂರಿಗೆ ಹೋದೆ. ಮನೆಯಿಂದ ಬಸ್ಸಲ್ಲಿ ಒಂದೂವರೆ ಗಂಟೆ ದಾರಿ, ಅಷ್ಟೇ. ಅಲ್ಲಿ ನಾನು "ಕೇರಳದವಳು". ಹಾಸ್ಟೆಲಲ್ಲಿ ಒಬ್ಬಳು "ನಿಂಗೆ ಕನ್ನಡ ಓದ್ಲಿಕ್ಕೆ ಬರ್ತದಾ?" ಅಂತ ಕೇಳಿದಳು. ನಾನು ಕವಿ ಗೋವಿಂದ ಪೈಗಳ ಊರಿನ ಜಿಲ್ಲೆಯವಳು ಅಂತ ಜೋರಾಗಿ ಹೇಳಬೇಕು ಅನಿಸಿತು. ಗಂಟಲು ಕಟ್ಟಿಕೊಂಡಿತು. ಆ ರಾತ್ರಿ ನನಗೆ ನೆನಪಾದದ್ದು ಗದಗದವಳ ಮುಖ.

ಅಕ್ಕಾ, ನಿಮ್ಮ ಮಗನನ್ನು ನೋಡಿ ನಗುವವರಿಗೂ ಎರಡು ವರ್ಷದಲ್ಲಿ ಇದೇ ಕಾದಿದೆ. ಅದರಿಂದ ನಿಮಗೆ ಇವತ್ತು ಏನೂ ಸಮಾಧಾನ ಇಲ್ಲ ಅಂತ ಗೊತ್ತು. ಆದರೆ ಓಣಂ ಮುಗಿಯುವವರೆಗಾದರೂ ಅವನನ್ನು ಕಳಿಸಬೇಡಿ. ನಾನು ಬೇಡಿಕೊಳ್ಳುತ್ತೇನೆ.

ಗಡಿ ಕನ್ನಡತಿ

ನೀರ್ಚಾಲಿನವರೇ, ಇಷ್ಟು ನೇರವಾಗಿ ಬರೆದದ್ದಕ್ಕೆ ನಿಮ್ಮ ಮೇಲೆ ಗೌರವ ಬಂತು.

ಅಕ್ಕಲಕೋಟೆ ಅಣ್ಣ

ನಮ್ಮ ಕಡೆ ಕಥೆ ಉಲ್ಟಾ. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಕನ್ನಡ ಶಾಲೆ ಬೇಕಾದಷ್ಟಿವೆ, ಮಕ್ಕಳು ಮಾತಾಡುವುದೂ ನಿಮ್ಮ ಮಗನ ಹಾಗೆಯೇ. ಸೋಲಾಪುರದ ಕಾಲೇಜಿಗೆ ಹೋದಾಗ ನನಗೆ ಮರಾಠಿ ಬರುತ್ತಿತ್ತು, ಆದರೆ ಬಾಯಿ ತೆರೆದರೆ ಕನ್ನಡದವನು ಅಂತ ಗೊತ್ತಾಗುತ್ತಿತ್ತು. ಆರು ತಿಂಗಳು ಹಿಂದಿನ ಬೆಂಚು. ಒಂದು ದಿನ ಒಬ್ಬನ ಸೈಕಲ್ ಚೈನು ಬಿತ್ತು, ಹಾಕಿಕೊಟ್ಟೆ. ಮರುದಿನ ಅವನು ಇನ್ನೊಬ್ಬನ ಸೈಕಲ್ ತಂದ! ಮಾಸ್ಟ್ರು ಹೇಳಿದ್ದು ಸರಿ, ಕೈಗೆ ಕೆಲಸ ಬೇಕು. ಹುಡುಗನ ಕೈಗೆ ಏನು ಬರುತ್ತದೆ ತಂಗಿ?

ತಾಳವಾಡಿ

ನಮ್ಮ ತಮಿಳುನಾಡಿನಲ್ಲಿ 2006ರ ಕಾನೂನಿನಿಂದ ತಮಿಳು ಕಡ್ಡಾಯ ಆಯಿತು. ಕನ್ನಡ ಶಾಲೆಯ ಮಕ್ಕಳು ತಮಿಳನ್ನೂ ಹೊರಬೇಕು. ಆದರೆ ನಮ್ಮ ಮಕ್ಕಳು ಒಬ್ಬರನ್ನೊಬ್ಬರು ನಗುವುದಿಲ್ಲ, ಎಲ್ಲರ ಕನ್ನಡವೂ ಚಾಮರಾಜನಗರದ ಥರವೇ.

ಪೆರ್ಲದವ

ಅದೇ ವ್ಯತ್ಯಾಸ. ಇಲ್ಲಿ ಕನ್ನಡ ಅನೇಕರಿಗೆ ಮನೆಮಾತು ಅಲ್ಲವೇ ಅಲ್ಲ, ಶಾಲೆಯ ಮಾತು. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ. ಕನ್ನಡ ಅಂದರೆ ಪುಸ್ತಕದ ಹಾಗೇ ಇರಬೇಕು ಅಂತ ಮಕ್ಕಳು ನಿಜಕ್ಕೂ ನಂಬಿದ್ದಾರೆ. "ಬರಾಕತ್ತೇನ್" ಅನ್ನುವ ಕನ್ನಡವೂ ಇದೆ ಅಂತ ಅವರಿಗೆ ಯಾರೂ ಹೇಳಿಲ್ಲ.

ಗಡಿ ಕನ್ನಡತಿ

ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಹೇಳಬೇಕಾದದ್ದು ಟೀಚರ್, ಅಲ್ವಾ?

ಸೀಟು ಲೆಕ್ಕ

ಸೀಟಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಸಿಇಟಿಯಲ್ಲಿ ಮುಖ್ಯ ನಿಯಮ ಹೀಗಿದೆ: 1ರಿಂದ 12ರ ಒಳಗೆ ಒಟ್ಟು 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲಿ ಒಂದನ್ನು ಕರ್ನಾಟಕದಲ್ಲಿ ಪಾಸು ಮಾಡಿರಬೇಕು. ನಿಮ್ಮ ಮಗ 8 ವರ್ಷ ಊರಲ್ಲಿ ಓದಿ ಬಂದಿದ್ದಾನೆ. ಇಲ್ಲಿ 10ನೇ ಮುಗಿಸಿ ಪಿಯುಸಿ ಮಂಗಳೂರಲ್ಲೋ ಬಾದಾಮಿಯಲ್ಲೋ ಮಾಡಿದರೆ ಆಯಿತು. ಗಡಿನಾಡ ಕನ್ನಡಿಗರಿಗೆ ಬೇರೆ ಅವಕಾಶವೂ ಇದೆ, ಕಾಸರಗೋಡು ಅದರಲ್ಲಿ ಸೇರಿದೆ. 8ನೇ ಕ್ಲಾಸಿನವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಊರಿನ ಶಾಲೆಯಿಂದ ತೆಗೆದಿಟ್ಟುಕೊಳ್ಳಿ. ಆ ಭಯಕ್ಕಾಗಿ ಮಗನನ್ನು ವಾಪಸ್ ಕಳಿಸಬೇಡಿ.

ಬಾದಾಮಿ ಅವ್ವ (ಜೂನ್ 23)

ಎಲ್ಲರಿಗೂ ಕೈಮುಗಿಯುತ್ತೇನೆ. ನೀರ್ಚಾಲಿನ ತಂಗಿ ಬರೆದದ್ದು ಓದಿ ಅತ್ತುಬಿಟ್ಟೆ. ಓಣಂವರೆಗೆ ಇರಲಿ ಅಂತ ಯಜಮಾನರೂ ಅಂದರು. ಅಕ್ಕಲಕೋಟೆ ಅಣ್ಣಾ, ಅವನ ಕೈಗೆ ಹೊಲಿಗೆ ಬರುತ್ತದೆ. ಆದರೆ ಗಂಡುಹುಡುಗ ಹೊಲಿಯುತ್ತಾನೆ ಅಂತ ಗೊತ್ತಾದರೆ ಇನ್ನೊಂದು ಹೆಸರು ಇಟ್ಟಾರು ಅಂತ ನಾನೇ ಯಾರಿಗೂ ಹೇಳಬೇಡ ಅಂದಿದ್ದೇನೆ.

ಅಕ್ಕಲಕೋಟೆ ಅಣ್ಣ

ಹೇಳಲಿ ಬಿಡಿ ತಂಗಿ. ನಮ್ಮ ಊರಲ್ಲಿ ಹೊಲಿಯುವವರೆಲ್ಲ ಗಂಡಸರೇ.

ಬಾದಾಮಿ ಅವ್ವ (ಜುಲೈ 10)

ಒಂದು ಸುದ್ದಿ ಇದೆ.

ಇಲ್ಲಿ ಪ್ರೈವೇಟ್ ಬಸ್ಸುಗಳಲ್ಲಿ ಶಾಲೆ ಮಕ್ಕಳು ಬಸ್ಸು ಹೊರಡುವವರೆಗೆ ಕೆಳಗೆ ಸಾಲು ನಿಲ್ಲಬೇಕಂತೆ. ಮಗನಿಗೆ ಗೊತ್ತಿರಲಿಲ್ಲ. ಜೋರು ಮಳೆ, ಬಸ್ಸು ಖಾಲಿ ಇತ್ತು, ಹತ್ತಿ ಕಿಟಕಿ ಪಕ್ಕ ಕೂತ. ಕಂಡಕ್ಟರ್ ಬಂದು ಮಲಯಾಳದಲ್ಲಿ ಜೋರು ಮಾಡಿದರು. ಇವನಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಟಿಕೆಟ್ ಕೇಳುತ್ತಿದ್ದಾರೆ ಅಂತ ರೊಕ್ಕ ತೆಗೆದು ಕೊಟ್ಟ. ಅವರು ಇನ್ನೂ ಸಿಟ್ಟಾದರು. ಇವನ ಕ್ಲಾಸಿನ ಮೂವರು ಕೆಳಗೆ ಸಾಲಿನಲ್ಲೇ ಇದ್ದರಂತೆ, ಯಾರೂ ಬಾಯಿ ಬಿಡಲಿಲ್ಲ.

ಆಗ ಮಲಯಾಳ ಡಿವಿಜನ್ನಿನ ಒಬ್ಬ ಹುಡುಗ ಮೆಟ್ಟಿಲು ಹತ್ತಿ ಬಂದು ಕಂಡಕ್ಟರ್ ಹತ್ತಿರ ಏನೋ ಹೇಳಿದ. ಆಮೇಲೆ ಇವನ ಕೈ ಹಿಡಿದು ಇಳಿಸಿ ತನ್ನ ಕೊಡೆಯ ಕೆಳಗೆ ನಿಲ್ಲಿಸಿಕೊಂಡ. ಬಸ್ಸು ಹೊರಟಾಗ ಇಬ್ಬರೂ ಹತ್ತಿದರು. ಶಾಲೆ ಮಕ್ಕಳು ಒಂದು ರೂಪಾಯಿ ಕೊಡಬೇಕು, ಹತ್ತರ ನೋಟು ತೆಗೆಯಬಾರದು ಅಂತ ಹೇಳಿಕೊಟ್ಟನಂತೆ. ಅವನಿಗೆ ಬರುವ ಕನ್ನಡ ಅಷ್ಟಕ್ಕಷ್ಟೇ. ಈಗ ದಿನಾ ಒಟ್ಟಿಗೆ ಬರುತ್ತಾರೆ.

ಪೆರ್ಲದವ

ಅಯ್ಯೋ, ಬಸ್ಸಿನ ವಿಷಯ ನಾವು ಮೊದಲೇ ಹೇಳಬೇಕಿತ್ತು! ನಮಗೆ ಅಭ್ಯಾಸವಾಗಿ ಹೋಗಿ ಅದು ಹೇಳುವ ವಿಷಯ ಅಂತಲೇ ಅನಿಸುವುದಿಲ್ಲ. ಮಳೆಯಲ್ಲಿ ಮಕ್ಕಳನ್ನು ಹೊರಗೆ ನಿಲ್ಲಿಸುವುದು ಮಹಾ ಅನ್ಯಾಯ.

ಚಂದ್ರಗಿರಿ ತೀರ

ಕನ್ನಡದ ಮಕ್ಕಳು ಸುಮ್ಮನೆ ನಿಂತರು, ಮಲಯಾಳದ ಹುಡುಗ ಬಂದ. ನನಗೆ ಇದು ನೋವಿನ ವಿಷಯ. ಆ ಹುಡುಗನಿಗೆ ನನ್ನ ನಮಸ್ಕಾರ.

ಗಡಿ ಕನ್ನಡತಿ

ನನಗೂ ನೋವು. ಆದರೆ ಆ ಮೂವರನ್ನು ಬೈಯಬೇಡಿ. ಕಂಡಕ್ಟರ್ ಎದುರು ಮಾತಾಡಲು ಅವರಿಗೂ ಹೆದರಿಕೆ ಇದ್ದಿರಬಹುದು.

ನೀರ್ಚಾಲು ಹುಡುಗಿ

ಹೆದರಿಕೆಯೇ. ನನಗೆ ಗೊತ್ತು.

ಬಾದಾಮಿ ಅವ್ವ (ಆಗಸ್ಟ್ 18)

ಆ ಗೆಳೆಯನ ಅಜ್ಜಿ ಮನೆ ಎಣ್ಮಕಜೆ ಕಡೆ. ಶನಿವಾರ ಇವನನ್ನು ಕರೆದುಕೊಂಡು ಹೋಗಿದ್ದ. ಬಂದವನೇ ಎರಡು ತಾಸು ಮಾತಾಡಿದ, ಎರಡು ತಿಂಗಳ ಮಾತೆಲ್ಲ ಒಂದೇ ಸಲ. ಅಲ್ಲಿ ಗುಡ್ಡದೊಳಗೆ ಅಡ್ಡ ಬಾವಿ ಇದೆಯಂತೆ, ಸುರಂಗ ಅನ್ನುತ್ತಾರಂತೆ. ಒಬ್ಬ ಮನುಷ್ಯ ನಡೆಯುವಷ್ಟು ಅಗಲ. ಮೋಟರ್ ಇಲ್ಲ, ಹಗ್ಗ ಇಲ್ಲ, ನೀರು ತಾನೇ ಹರಿದು ಅಂಗಳಕ್ಕೆ ಬರುತ್ತದೆ. ನಮ್ಮ ಊರಲ್ಲಿ ನೀರಿಗೆ ಬೋರು ಕೊರೆಸಿ ಕೊರೆಸಿ ಸಾಲ ಮಾಡಿಕೊಂಡವರು ನಾವು. ಇವನಿಗೆ ನಂಬಲಿಕ್ಕೇ ಆಗಿಲ್ಲ.

ಪೆರ್ಲದವ

ನಮ್ಮ ಮನೆಯಲ್ಲೂ ಉಂಟು ಅಕ್ಕಾ! ಬಾಯಾರು, ಪೈವಳಿಕೆ, ಎಣ್ಮಕಜೆ, ಈ ಕಡೆಯೆಲ್ಲ ಸುರಂಗವೇ. ಕೆಲವು ನೂರು ಮೀಟರಿಗಿಂತ ಉದ್ದ. ನನ್ನ ಅಜ್ಜ ಮೊಂಬತ್ತಿ ಹಿಡಿದು ಒಳಗೆ ಹೋಗುತ್ತಿದ್ದರು. ಮೊಂಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಲೆಕ್ಕ, ಹಿಂದೆ ಬರಬೇಕು.

ಬಾದಾಮಿ ಅವ್ವ

ಅದು ಕುಸಿಯುವುದಿಲ್ಲವಾ ಅಂತ ಆ ಗೆಳೆಯ ಕೇಳಿದನಂತೆ. ಇವನು ತನ್ನ ಅಪ್ಪ ಹೇಳಿದ್ದನ್ನು ಹೇಳಿದ. ಕೆಂಪುಕಲ್ಲು ಕೊಯ್ಯುವಾಗ ಮೆತ್ತಗೆ ಇರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ, ಅದಕ್ಕೇ ನಿಂತಿದೆ ಅಂತ. ಗೆಳೆಯನ ಅಜ್ಜಿಗೆ ಬಹಳ ಖುಷಿಯಾಗಿ ಎರಡನೇ ಸಲ ಪಾಯಸ ಬಡಿಸಿದರಂತೆ.

ನಿವೃತ್ತ ಮಾಸ್ಟ್ರು, ಕುಂಬಳೆ

ಭೇಷ್! ಇದನ್ನು ಅವನು ಕ್ಲಾಸಲ್ಲಿ ಹೇಳಬೇಕು. ಕೋರೆಯವನ ಮಗನಿಗೆ ಗೊತ್ತಿರುವ ಪಾಠ ಇದು.

ಗಡಿ ಕನ್ನಡತಿ

ತನ್ನ ಮಾತಿನಲ್ಲೇ ಹೇಳಲಿ, ಪುಸ್ತಕದ ಕನ್ನಡದಲ್ಲಿ ಬೇಡ.

ನೀರ್ಚಾಲು ಹುಡುಗಿ (ಸೆಪ್ಟೆಂಬರ್)

ಅಕ್ಕಾ, ಓಣಂ ರಜೆ ಮುಗಿಯಿತು. ಬಂದನಾ?

ಬಾದಾಮಿ ಅವ್ವ

ಬಂದ ತಂಗಿ. ನಾವು ಊರಿಗೆ ಹೋಗಿದ್ದೆವು. ಎರಡು ದಿನ ಮೊದಲೇ ಹೊರಡೋಣ ಅಂತ ಅವನೇ ಹಟ ಮಾಡಿದ.

ನೀರ್ಚಾಲು ಹುಡುಗಿ

ನನಗೆ ಈಗ ಉಸಿರು ಬಂತು.

ಬಾದಾಮಿ ಅವ್ವ (ಅಕ್ಟೋಬರ್ 26)

ಬರೆಯುವುದು ತಡವಾಯಿತು, ದೀಪಾವಳಿ ಹೊಲಿಗೆ ಜಾಸ್ತಿ ಇತ್ತು.

ಕುಂಬಳೆ ಉಪಜಿಲ್ಲೆಯ ವೃತ್ತಿ ಪರಿಚಯ ಮೇಳಕ್ಕೆ ಶಾಲೆಯಿಂದ ಮಕ್ಕಳನ್ನು ಆರಿಸುತ್ತಿದ್ದರು. ಕೊಡೆ ತಯಾರಿಗೆ ಯಾರೂ ಇರಲಿಲ್ಲ. ಹಿಂದೆ ಮಾಡುತ್ತಿದ್ದ ಹುಡುಗಿ 10ನೇ ಮುಗಿಸಿ ಹೋಗಿದ್ದಳು. ಟೀಚರ್ "ಸೂಜಿ ಹಿಡಿಯಲು ಯಾರಿಗೆ ಬರುತ್ತದೆ" ಅಂತ ಕೇಳಿದಾಗ ಇವನು ಕೈ ಎತ್ತಿದ. ಎತ್ತಬೇಡ ಅಂತ ನಾನೇ ಹೇಳಿದ್ದೆ, ಅವನು ಎತ್ತಿದ.

ಸ್ಪರ್ಧೆಯಲ್ಲಿ ಅಲ್ಲೇ ಕೂತು ಮೂರು ತಾಸಿನಲ್ಲಿ ಮಾಡಬೇಕು. ಎಂಟು ತುಂಡು ಬಟ್ಟೆ ಒಂದೇ ಅಳತೆಗೆ ಕತ್ತರಿಸಿ, ಹೊಲಿದು, ಕಡ್ಡಿಗೆ ಕಟ್ಟಬೇಕು. ಒಂದು ತುಂಡು ಅರ್ಧ ಇಂಚು ಹೆಚ್ಚುಕಡಿಮೆ ಆದರೂ ಕೊಡೆ ಸೊಟ್ಟಗೆ ನಿಲ್ಲುತ್ತದೆ. ಟೀಚರ್ ಇವನ ಜೊತೆ ಅಭ್ಯಾಸಕ್ಕೆ ಇಬ್ಬರು ಹುಡುಗಿಯರನ್ನೂ ಒಬ್ಬ ಹುಡುಗನನ್ನೂ ಹಾಕಿದರು. ಶಾಲೆಯಲ್ಲಿ ಸಮಯ ಸಾಲದೆ ಸಂಜೆ ನಮ್ಮ ಮನೆಗೇ ಬರತೊಡಗಿದರು. ಅವರಲ್ಲಿ ಒಬ್ಬಳು ಇವನಿಗೆ ಆ ಹೆಸರು ಇಟ್ಟವಳು. ನನಗೆ ಗೊತ್ತಿತ್ತು, ಏನೂ ಹೇಳಲಿಲ್ಲ. ಚಹಾ ಮಾಡಿ ಕೊಟ್ಟೆ, ಚುರುಮುರಿ ಕೊಟ್ಟೆ.

ಮೂರನೇ ದಿನ ನಾನು ಅಡುಗೆಮನೆಯಲ್ಲಿದ್ದೆ. ಆ ಹುಡುಗಿ ಇವನನ್ನು ಹೆಸರು ಹಿಡಿದು ಕರೆದು "ಇದು ಎಲ್ಲಿ ಹೊಲಿಯಬೇಕು ಮಾರಾಯ?" ಅಂದಳು. ಅವನ ನಿಜವಾದ ಹೆಸರನ್ನು ಅವನ ಕ್ಲಾಸಿನವರ ಬಾಯಲ್ಲಿ ಮೊದಲ ಸಲ ಕೇಳಿದೆ. ಇವನು "ತಡಿ, ಬರಾಕತ್ತೇನಿ" ಅಂದ. ಯಾರೂ ನಗಲಿಲ್ಲ ರೀ. ಸೂಜಿ ಕೊಟ್ಟರು.

ಮೇಳದಲ್ಲಿ ಬಿ ಗ್ರೇಡ್ ಬಂತು. ಒಂದು ತುಂಡು ಸ್ವಲ್ಪ ಎಳೆದಿತ್ತು.

ಅಕ್ಕಲಕೋಟೆ ಅಣ್ಣ

ಬಿ ಗ್ರೇಡಿಗೆ ನನ್ನ ಕಡೆಯಿಂದ ಪೇಢೆ!

ಗಡಿ ಕನ್ನಡತಿ

ನಾನು ಜೂನಲ್ಲಿ ಸಿಟ್ಟಿನಿಂದ ಬರೆದಿದ್ದೆ. ಆ ಸಿಟ್ಟು ಈಗಲೂ ಇದೆ, ಟೀಚರ್ ಮೇಲೆ. ಆದರೆ ಮಕ್ಕಳನ್ನು ಹಾಕಿ ಕೆಲಸ ಕೊಟ್ಟದ್ದೂ ಅದೇ ಟೀಚರಾ?

ಬಾದಾಮಿ ಅವ್ವ

ಹೌದ್ರೀ, ಅವರೇ. ಜುಲೈಯಲ್ಲಿ ನಾನು ಹೋಗಿ ಮಾತಾಡಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದರು, ಆಮೇಲೆ ನನ್ನ ಕೈ ಹಿಡಿದುಕೊಂಡರು.

ಈಗ ಹೊಸ ಪ್ರಶ್ನೆ. ಮುಂದಿನ ಜೂನಿಗೆ ಕ್ಲಾಸಿನ ಎಲ್ಲರಿಗೂ ಒಂದೊಂದು ಕೊಡೆ ಮಾಡಬೇಕು ಅಂತ ಮಕ್ಕಳು ಕೂತಿದ್ದಾರೆ. 14 ಕ್ಲಾಸಿಗೆ, ಒಂದು ಆ ಮಲಯಾಳ ಡಿವಿಜನ್ನಿನ ಗೆಳೆಯನಿಗೆ, ಒಟ್ಟು 15. ಹೊಸ ಕಡ್ಡಿ ತುಟ್ಟಿ ಆಗುತ್ತದೆ. ಹಳೆಯದು ಎಲ್ಲಾದರೂ ಸಿಗುತ್ತದಾ?

ಪೆರ್ಲದವ

ನನ್ನ ಮಾವ ಕುಂಬಳೆಯಲ್ಲಿ ಕೊಡೆ ರಿಪೇರಿ ಮಾಡುತ್ತಾರೆ. ಬಟ್ಟೆ ಹರಿದು ಬಿಟ್ಟುಹೋದ ಕೊಡೆಗಳು ಮೂಟೆ ಕಟ್ಟಿ ಇಟ್ಟಿದ್ದಾರೆ, ಕಡ್ಡಿ ಎಲ್ಲ ಸರಿ ಉಂಟು. ದುಡ್ಡು ಬೇಡ ಅನ್ನುತ್ತಾರೆ, ನಾನು ಕೇಳಿ ಆಯಿತು. ಆದಿತ್ಯವಾರ ಬೆಳಿಗ್ಗೆ ಮನೆಯಲ್ಲೇ ಇರುತ್ತಾರೆ.

ಬಾದಾಮಿ ಅವ್ವ

ಆದಿತ್ಯವಾರ ಅಂದರೆ ರವಿವಾರ, ಅಲ್ವಾ? ಹಾಗಾದರೆ ನಾಲ್ಕು ಮಕ್ಕಳು ಬರುತ್ತಾರೆ. ಒಂಬತ್ತರ ಬಸ್ಸಿಗೆ.